ಆರಾಮಾಗಿದ್ದೀನಿ ಅನ್ನುವವರ ಹೆಜ್ಜೆ ಲೆಕ್ಕ

ಹೃದಯದ ಕಾಯಿಲೆ ಇರುವವರನ್ನು ಹತ್ತಿರದಿಂದ ನೋಡಿಕೊಂಡವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹೇಗಿದ್ದೀರಿ ಅಂತ ಕೇಳಿದರೆ ಅವರು ಆರಾಮಾಗಿದ್ದೀನಿ ಅಂತಲೇ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತ ಹೇಳುವುದಲ್ಲ. ಕೂತಲ್ಲಿ ಅವರಿಗೆ ನಿಜಕ್ಕೂ ಆರಾಮವೇ ಇರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂತ ಒಂದೆರಡು ಸಲ ಗೊತ್ತಾದ ಮೇಲೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುತ್ತಾರೆ. ಕೂತು ಯೋಚಿಸಿ ತೀರ್ಮಾನ ಮಾಡಿ ಬಿಟ್ಟದ್ದಲ್ಲ, ತಾನಾಗಿಯೇ ಬಿಟ್ಟುಹೋದದ್ದು. ಮೊದಲು ಮಹಡಿ ನಿಲ್ಲುತ್ತದೆ. ರಸ್ತೆ ತುದಿಯ ತನಕ ಇದ್ದ ವಾಕಿಂಗ್ ಅರ್ಧ ದಾರಿಗೆ ಬರುತ್ತದೆ, ಆಮೇಲೆ ಗೇಟಿನ ತನಕ. ಆಮೇಲೆ ನೀರಿನ ಲೋಟ ಯಾರಾದರೂ ತಂದುಕೊಡಲಿ ಅಂತ ಕಾಯುವುದು ಶುರುವಾಗುತ್ತದೆ. ಪ್ರತಿ ಸಲವೂ ಒಂದು ಕಾರಣ ಸಿಗುತ್ತದೆ. ಬಿಸಿಲು ಜಾಸ್ತಿ, ಮಂಡಿ ನೋವು, ರಾತ್ರಿ ನಿದ್ದೆ ಬರಲಿಲ್ಲ, ವಯಸ್ಸಾಯ್ತಲ್ಲ. ಮನೆಯವರೂ ಅದನ್ನು ಒಪ್ಪಿಕೊಂಡುಬಿಡುತ್ತಾರೆ. ಕಾಯಿಲೆ ಎಷ್ಟು ಬೆಳೆಯಿತೋ ಓಡಾಟ ಅಷ್ಟೇ ಕಡಿಮೆಯಾಗುವುದರಿಂದ ಸುಸ್ತಾಗಲಿ ಏದುಸಿರಾಗಲಿ ಯಾರ ಗಮನಕ್ಕೂ ಬರುವುದಿಲ್ಲ.

ಕೈಗೆ ಕಟ್ಟುವ ಬ್ಯಾಂಡು, ಸ್ಮಾರ್ಟ್ ವಾಚುಗಳ ಬಗ್ಗೆ ನಾನು ಯೋಚಿಸಲು ಶುರು ಮಾಡಿದ್ದು ಈ ಕಡೆಯಿಂದ. ಜಾಹೀರಾತುಗಳಲ್ಲಿ ಇವುಗಳನ್ನು ಕಟ್ಟಿಕೊಂಡು ಓಡುವವರೆಲ್ಲ ಆರೋಗ್ಯವಂತರು. ಇನ್ನೂ ಜಾಸ್ತಿ ಓಡಿ, ಇನ್ನೂ ಜಾಸ್ತಿ ನಡೆಯಿರಿ ಅನ್ನುವುದೇ ಅಲ್ಲಿನ ಮಾತು. ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದವರ ಕೈಗೆ, ಪಂಪಿಂಗ್ ಕಡಿಮೆಯಾದವರ ಕೈಗೆ, ನಾಡಿ ತಪ್ಪಿ ಬಡಿಯುವವರ ಕೈಗೆ ಅದೇ ವಾಚು ಬಂದಾಗ ಅದರ ಕೆಲಸ ಬೇರೆ ಆಗಬೇಕಲ್ವಾ? ಆಗುತ್ತದೆ ಅನ್ನುವುದು ನಾನು ಕಂಡದ್ದು. ಅವರಿಗೆ ಅದು ಮಾಡಬಹುದಾದ ದೊಡ್ಡ ಉಪಕಾರ, ಬಾಯಲ್ಲಿ ಬರದ ವಿಷಯವನ್ನು ತೋರಿಸಿಕೊಡುವುದು. ಮುಂದೆ ದೂಡುವುದು ಅದಕ್ಕಿಂತ ಸಣ್ಣ ಕೆಲಸ.

ಡಾಕ್ಟರ ಕೋಣೆಯಲ್ಲಿ

ನಮ್ಮ ದೊಡ್ಡಮ್ಮನಿಗೆ ಹಾರ್ಟ್ ಫೇಲ್ಯೂರ್. ಹೆಸರು ಕೇಳಿದರೆ ಹೃದಯ ನಿಂತೇ ಹೋಯಿತೇನೋ ಅನ್ನಿಸಿ ಗಾಬರಿಯಾಗುತ್ತದೆ. ಹಾಗೇನಿಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ದೂಡಲಾರದ ಸ್ಥಿತಿ ಅದು. ಕಿಡ್ನಿ ಇದನ್ನು ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ತಿಳಿದುಕೊಂಡು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗೆ ಇಳಿದರೆ ಊತ, ಶ್ವಾಸಕೋಶದಲ್ಲಿ ತುಂಬಿದರೆ ಏದುಸಿರು. ಅದಕ್ಕೇ ಆ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆ ಕೊಡುತ್ತಾರೆ, ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ ಅನ್ನುತ್ತಾರೆ. 3 ದಿನದಲ್ಲಿ 2 ಕಿಲೋ ಏರಿತು ಅಂದರೆ ಅದು ಕೊಬ್ಬಲ್ಲ, ನೀರು. ಕಾಯದೆ ಫೋನ್ ಮಾಡಿ ಅಂತ ಹೇಳಿರುತ್ತಾರೆ.

ಆ ದಿನ ದೊಡ್ಡಮ್ಮನ ಜೊತೆ ಚೆಕಪ್‌ಗೆ ಹೋದವರಲ್ಲಿ ನಾನೂ ಇದ್ದೆ. ಡಾಕ್ಟರು ಎಂದಿನಂತೆ ಕೇಳಿದರು, "ಹೇಗಿದ್ದೀರಮ್ಮ?"

"ಆರಾಮಾಗಿದ್ದೀನಿ ಡಾಕ್ಟ್ರೇ. ಏನೂ ತೊಂದ್ರೆ ಇಲ್ಲ."

"ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ?"

"ಇಲ್ಲಪ್ಪ."

"ಮಲಗಿದಾಗ?"

"ಚೆನ್ನಾಗಿ ನಿದ್ದೆ ಬರುತ್ತೆ."

ಉತ್ತರ ಒಂದೂ ಸುಳ್ಳಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಡಾಕ್ಟರು ಚೀಟಿ ಬರೆಯುತ್ತಾ ಅವಳ ಕೈಯಲ್ಲಿದ್ದ ಬ್ಯಾಂಡ್ ನೋಡಿದರು. ಮಗ ತಂದುಕೊಟ್ಟದ್ದು, ಹೊತ್ತು ನೋಡಲು ಮಾತ್ರ ಅವಳು ಅದನ್ನು ಕಟ್ಟಿಕೊಳ್ಳುತ್ತಿದ್ದಳು. "ಇದರ ಲೆಕ್ಕ ಯಾರ ಫೋನಲ್ಲಿ ಬರುತ್ತೆ?" ಅಂತ ಕೇಳಿದರು. ಅಣ್ಣ ತನ್ನ ಫೋನ್ ತೆಗೆದುಕೊಟ್ಟ. ಡಾಕ್ಟರು ಅದನ್ನು ಆಡಿಸಿ, ಇವತ್ತಿನ ಲೆಕ್ಕ ಬಿಟ್ಟು, ಕಳೆದ ಮೂರು ತಿಂಗಳ ಗ್ರಾಫ್ ತೆರೆದರು. ಮೊದಲ ಎರಡು ತಿಂಗಳು ದಿನಕ್ಕೆ 3,000 ಹೆಜ್ಜೆಯ ಆಸುಪಾಸು ಮೇಲೆ ಕೆಳಗೆ ಆಡುತ್ತಿದ್ದ ಕಂಬಗಳು ಕೊನೆಯ ಕೆಲವು ವಾರಗಳಲ್ಲಿ ಒಂದೇ ಸಮ ಗಿಡ್ಡವಾಗುತ್ತಾ ಬಂದಿದ್ದವು. ಕಡೆಯವು ಮೊದಲಿನ ಅರ್ಧದಷ್ಟೂ ಇರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮ, ಮಹಡಿಗೆ ಹೋಗಿ ಎಷ್ಟು ದಿನ ಆಯ್ತು?" ದೊಡ್ಡಮ್ಮ ಅಣ್ಣನ ಮುಖ ನೋಡಿದಳು. "ಬಟ್ಟೆ ಈಗ ಇವರೇ ಒಣಹಾಕ್ತಾರಲ್ಲ, ನಂಗೇನು ಕೆಲ್ಸ ಅಲ್ಲಿ." "ರಾತ್ರಿ ಎಷ್ಟು ದಿಂಬು ಇಟ್ಕೊತೀರಿ?" "ಎರಡು... ಈಗ ಮೂರು. ಕತ್ತು ನೋವು ಅಂತ."

ಕತ್ತು ನೋವಿಗೆ ದಿಂಬು ಕಡಿಮೆ ಮಾಡುವವರುಂಟು, ಜಾಸ್ತಿ ಮಾಡುವವರು ಕಡಿಮೆ. ಚಪ್ಪಟೆ ಮಲಗಿದರೆ ಕಾಲಿನ ನೀರು ಎದೆಗೆ ಬಂದು ಉಸಿರು ಕಟ್ಟುತ್ತದೆ, ಎತ್ತರಕ್ಕೆ ಒರಗಿದರೆ ಹಾಯೆನಿಸುತ್ತದೆ. ಅವಳಿಗೆ ಗೊತ್ತಾಗದಂತೆ ಮೈಯೇ ದಿಂಬು ಕೇಳಿತ್ತು. ಡಾಕ್ಟರು ಅವಳ ಕಾಲಿನ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು, ಮಾತ್ರೆ ಬದಲಾಯಿತು, ಅಡ್ಮಿಟ್ ಆಗುವುದು ತಪ್ಪಿತು. ಆ ಗ್ರಾಫ್ ಇಲ್ಲದಿದ್ದರೂ ಆ ಡಾಕ್ಟರು ಕಾಲು ಒತ್ತಿ ನೋಡುತ್ತಿದ್ದರೋ ಏನೋ. ಆದರೆ ಅಲ್ಲಿ ಕೂತಿದ್ದ ನಮಗೆಲ್ಲ ಒಟ್ಟಿಗೆ ವಿಷಯ ಅರ್ಥವಾದದ್ದು ಆ ಗಿಡ್ಡವಾಗುತ್ತಾ ಹೋದ ಕಂಬಗಳನ್ನು ನೋಡಿದಾಗ. ಅವಳ ಜೊತೆಗೇ ಇದ್ದ ಅಣ್ಣನಿಗೆ, ವಾರಕ್ಕೊಮ್ಮೆ ಮಾತಾಡುತ್ತಿದ್ದ ನಮಗೆ, ಸ್ವತಃ ಅವಳಿಗೆ, ಯಾರಿಗೂ ಕಾಣದ್ದು ಅದರಲ್ಲಿ ಇತ್ತು.

ಹೃದಯದ ಡಾಕ್ಟರುಗಳು ರೋಗಿಯ ಸ್ಥಿತಿ ಅಳೆಯಲು ಇವತ್ತಿಗೂ ಬಳಸುವ ನಾಲ್ಕು ದರ್ಜೆಯ ಪಟ್ಟಿಯೊಂದಿದೆ. ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ಮಾಡಿದ್ದು. ಯಾವ ಕೆಲಸಕ್ಕೂ ತೊಂದರೆಯಿಲ್ಲ ಅಂದರೆ ಒಂದನೇ ದರ್ಜೆ, ಸುಮ್ನೆ ಕೂತರೂ ಏದುಸಿರು ಅಂದರೆ ನಾಲ್ಕನೆಯದು. ನಡುವಿನ ಎರಡು ದರ್ಜೆ ಬಹುಪಾಲು ರೋಗಿ ಬಾಯಲ್ಲಿ ಹೇಳಿದ್ದರ ಮೇಲೆ ನಿಂತಿವೆ. ದಿನನಿತ್ಯದ ಕೆಲಸ ಮಾಡಿದರೆ ಸುಸ್ತಾಗುತ್ತಾ ಅಂತ ಕೇಳುತ್ತಾರೆ. ಆದರೆ ದಿನನಿತ್ಯದ ಕೆಲಸವೇ ಕರಗುತ್ತಾ ಬಂದಿದ್ದರೆ? ಇನ್ನೊಂದು ಅಳತೆಯೂ ಇದೆ, 6 ನಿಮಿಷದ ನಡಿಗೆ ಪರೀಕ್ಷೆ. ಆಸ್ಪತ್ರೆಯ 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಹೋಗಿ ಬಂದು ಹೋಗಿ ಬಂದು, 6 ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಅಂತ ನೋಡುತ್ತಾರೆ. ಒಳ್ಳೆಯ ಪರೀಕ್ಷೆ. ಆದರೆ ಅದು ಒಂದು ದಿನದ್ದು, ಅದೂ ಯಾರೋ ನೋಡುತ್ತಿರುವಾಗ ನಡೆದದ್ದು. ಉಳಿದ ದಿನಗಳಲ್ಲಿ, ಯಾರೂ ನೋಡದಾಗ, ಮನಸ್ಸಿಗೆ ಬಂದಂತೆ ಎಷ್ಟು ಓಡಾಡುತ್ತಾರೆ ಅನ್ನುವುದು ಬೇರೆಯೇ ಸಂಗತಿ.

ಮೈಯೊಳಗೆ ಕೂರಿಸುವ ಯಂತ್ರಗಳು ಈ ದಾರಿಯಲ್ಲಿ ವಾಚಿಗಿಂತ ಮುಂದಿವೆ. ಬಡಿತ ಅಪಾಯಕರವಾಗಿ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರನ್ನು ಎದೆಯಲ್ಲಿ ಇಟ್ಟವರ ಓಡಾಟ, ಉಸಿರಾಟ, ಹೃದಯದ ಸದ್ದು, ಎದೆಯಲ್ಲಿನ ನೀರಿನಂಶ ಎಲ್ಲವನ್ನೂ ಸೇರಿಸಿ ಒಂದು ಅಂಕಿ ಮಾಡಿದರೆ ಏನು ಗೊತ್ತಾಗುತ್ತದೆ ಅಂತ ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಹಾರ್ಟ್ ಫೇಲ್ಯೂರ್ ಬಿಗಡಾಯಿಸಿದ ಪ್ರಸಂಗಗಳಲ್ಲಿ 70 ಶೇಕಡಾದಷ್ಟನ್ನು ಅದು ಮೊದಲೇ ಹಿಡಿಯಿತು, ಅದೂ ಸಾಮಾನ್ಯವಾಗಿ ಒಂದು ತಿಂಗಳ ಮುಂಚೆ. ಒಂದು ತಿಂಗಳು! ಮನೆಯವರಿಗೆ ಊತ ಕಾಣುವಷ್ಟರಲ್ಲಿ ಕೆಲವೇ ದಿನ ಉಳಿದಿರುತ್ತವೆ. ಕೈಗೆ ಕಟ್ಟುವ ವಾಚು ಅಷ್ಟು ಬಲ್ಲದು ಅಂತ ನಾನು ಹೇಳುವುದಿಲ್ಲ. ಆದರೆ ದಿಕ್ಕು ಅದೇ.

ಹತ್ತು ಸಾವಿರದ ಭಾರ

ಗುರಿಯ ಮಾತು ಬಂದರೆ ಎಲ್ಲರ ಬಾಯಲ್ಲೂ 10,000 ಹೆಜ್ಜೆ. ಈ ಅಂಕಿ ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟಾಗ ಇಟ್ಟ ಹೆಸರಿನಲ್ಲಿ ಅದು ಇತ್ತು. ಅಲ್ಲಿಂದ ಜಗತ್ತಿನ ಎಲ್ಲ ವಾಚಿಗೂ ಬಂದು ಕೂತಿತು. 2019ರಲ್ಲಿ ಐ-ಮಿನ್ ಲೀ ಮತ್ತು ಜೊತೆಯವರು ಅಮೆರಿಕದ 16,741 ವಯಸ್ಸಾದ ಹೆಂಗಸರ ನಡಿಗೆಯನ್ನು ಅಳೆದು ಬರೆದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಇನ್ನೂ ಕಡಿಮೆಯಾಗುತ್ತಾ ಹೋಗಿ, 7,500ರ ಹತ್ತಿರ ನಿಂತಿತು. ಅದಕ್ಕಿಂತ ಮುಂದೆ ನಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇದು ಹೃದ್ರೋಗಿಗಳ ಮೇಲೆಯೇ ಮಾಡಿದ ಅಧ್ಯಯನವಲ್ಲ. ಆದರೂ ದಿನಕ್ಕೆ 2,000 ಹೆಜ್ಜೆಯಲ್ಲಿ ಇರುವವರ ಕಣ್ಣಿನಿಂದ ಇದನ್ನು ಓದಿ ನೋಡಿ. ಕೆಳಗಿನ ಮೆಟ್ಟಿಲುಗಳಲ್ಲೇ ಲಾಭ ಹೆಚ್ಚು. 2,000ದಿಂದ 3,000ಕ್ಕೆ ಬಂದವರು ದೊಡ್ಡ ಕೆಲಸವನ್ನೇ ಮಾಡಿದ್ದಾರೆ. ಅವರ ವಾಚು ಮಾತ್ರ ದಿನಾ ಸಂಜೆ, ಗುರಿಯ ಮೂರರಲ್ಲೊಂದು ಭಾಗವೂ ಆಗಿಲ್ಲ ಅಂತ ತೋರಿಸುತ್ತಿರುತ್ತದೆ. ಇದು ನನಗೆ ತುಂಬಾ ಬೇಸರ ತರಿಸುವ ಸಂಗತಿ. ಹೃದ್ರೋಗಿಯ ಕೈಗೆ ವಾಚು ಕಟ್ಟುವವರು ಮೊದಲು ಆ ಗುರಿಯನ್ನು ತೆಗೆದುಹಾಕಬೇಕು. ಸೆಟಿಂಗ್ಸ್‌ನಲ್ಲಿ ಎರಡು ನಿಮಿಷದ ಕೆಲಸ.

ಹೃದ್ರೋಗಿಗಳು ಅಲ್ಲಾಡಲೇಬಾರದು ಅನ್ನುವ ಕಾಲವೂ ಇತ್ತು. ಹೋದ ಶತಮಾನದ ಮೊದಲರ್ಧದಲ್ಲಿ ಹಾರ್ಟ್ ಅಟ್ಯಾಕ್ ಆದರೆ ವಾರಗಟ್ಟಲೆ ಹಾಸಿಗೆ ಬಿಟ್ಟೇಳಲು ಬಿಡುತ್ತಿರಲಿಲ್ಲ. 1952ರಲ್ಲಿ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅನ್ನುವ ಇಬ್ಬರು ಡಾಕ್ಟರು ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದು ಅಂತ ಬರೆದರು. ಬರೀ ಕುರ್ಚಿ! ಅದೂ ಆಗ ದೊಡ್ಡ ಧೈರ್ಯದ ಮಾತಾಗಿತ್ತು. ಮರುವರ್ಷ ಜೆರೆಮಿ ಮಾರಿಸ್ ಲಂಡನ್ ಬಸ್ಸುಗಳ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಇವತ್ತು ಹಾರ್ಟ್ ಅಟ್ಯಾಕ್, ಸ್ಟೆಂಟ್, ಬೈಪಾಸ್ ಯಾವುದೇ ಆದಮೇಲೂ ಹಂತ ಹಂತವಾಗಿ ವ್ಯಾಯಾಮ ಮಾಡಿಸುವುದು ಚಿಕಿತ್ಸೆಯದೇ ಭಾಗ. ಆದರೆ ಹಳೆಯ ಭಯ ಮನೆಗಳಿಂದ ಹೋಗಿಲ್ಲ. "ಏಳಬೇಡಿ, ನಾನು ತರ್ತೀನಿ" ಅನ್ನುವ ಪ್ರೀತಿಯ ಮಾತಿನಲ್ಲಿ ಅದು ಹಾಗೆಯೇ ಇದೆ.

ಚಿಕ್ಕಪ್ಪನ ನಾಡಿ

ನಮ್ಮ ಚಿಕ್ಕಪ್ಪನದು ದೊಡ್ಡಮ್ಮನಿಗಿಂತ ಬೇರೆ ಕಥೆ. ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅವರಿಗೆ ಎದ್ದರೆ ಭಯ, ಕೂತರೆ ಭಯ. ಕೈಯಲ್ಲಿ ವಾಚು. ನಡೆಯುತ್ತಾ ನಡೆಯುತ್ತಾ ನಿಂತು ಅದರಲ್ಲಿ ನಾಡಿ ನೋಡುವುದು. ಜಾಸ್ತಿ ಕಂಡರೆ ವಾಪಸ್ ಬಂದು ಮಲಗುವುದು. ಕಡಿಮೆ ಕಂಡರೆ ಅದಕ್ಕೊಂದು ಚಿಂತೆ. ಅದರ ಮೇಲೆ, ಬೆವರು ಬರುವಷ್ಟು ನಡೆದರೂ ವಾಚು ಅದನ್ನು ವ್ಯಾಯಾಮ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. "ಇಷ್ಟು ಕಷ್ಟಪಟ್ಟರೂ ಸೊನ್ನೆ ತೋರಿಸ್ತದಲ್ಲೋ" ಅಂತ ನೊಂದುಕೊಳ್ಳುತ್ತಿದ್ದರು.

ಕಾರಣ ಅವರು ನುಂಗುತ್ತಿದ್ದ ಮಾತ್ರೆ. ಬೀಟಾ ಬ್ಲಾಕರ್ ಅನ್ನುವ ಜಾತಿಯ ಔಷಧಿ ಹೃದಯಕ್ಕೆ ವಿಶ್ರಾಂತಿ ಕೊಡಲೆಂದೇ ಬಡಿತವನ್ನು ತಗ್ಗಿಸಿ ಹಿಡಿಯುತ್ತದೆ. ಎಷ್ಟು ಜೋರಾಗಿ ನಡೆದರೂ ನಾಡಿ ಮೊದಲಿನಂತೆ ಏರುವುದಿಲ್ಲ. ವಾಚುಗಳು ಲೆಕ್ಕ ಹಾಕುವುದು ಸಾಮಾನ್ಯವಾಗಿ 220ರಲ್ಲಿ ವಯಸ್ಸನ್ನು ಕಳೆದು ಬರುವ ಅಂಕಿ ಇಟ್ಟುಕೊಂಡು. 60 ವರ್ಷದವರಿಗೆ 160, ಅದರಲ್ಲಿ ಇಷ್ಟು ಶೇಕಡಾ ದಾಟಿದರೆ ವ್ಯಾಯಾಮ ಅಂತ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಮಾತ್ರೆ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ವಾಚಿಗೆ ಮಾತ್ರೆಯ ವಿಷಯ ಗೊತ್ತಿರಲಿಲ್ಲ, ಅಷ್ಟೇ.

ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೇಂದ್ರಕ್ಕೆ ಅವರನ್ನು ಕರೆದುಕೊಂಡು ಹೋದಾಗ ಅಲ್ಲಿನ ಫಿಸಿಯೋ ಹುಡುಗಿ ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟ್ರೆಡ್‌ಮಿಲ್ ಮೇಲೆ ಅವರನ್ನು ನಿಲ್ಲಿಸಿ, ಎದೆಗೆ ಇಸಿಜಿ ತಂತಿ ಅಂಟಿಸಿ, ಆಮೇಲೆ ಅವರ ಅಂಗಿಯ ತೋಳನ್ನು ಕೆಳಗೆಳೆದು ವಾಚು ಮುಚ್ಚಿದಳು. "ಅಂಕಲ್, ಪರದೆ ನಾನು ನೋಡ್ಕೊತೀನಿ. ನೀವು ನನ್ ಜೊತೆ ಮಾತಾಡ್ತಾ ನಡೀರಿ." ಮಕ್ಕಳು ಏನು ಮಾಡುತ್ತಿದ್ದಾರೆ, ಯಾವ ಕೆಲಸದಲ್ಲಿದ್ದಿರಿ ಅಂತ ಕೇಳುತ್ತಾ ವೇಗ ಸ್ವಲ್ಪ ಸ್ವಲ್ಪ ಏರಿಸಿದಳು. ಚಿಕ್ಕಪ್ಪ ಹಳೇ ಆಫೀಸಿನ ಕಥೆ ಶುರು ಮಾಡಿದರು. ಒಂದು ಹೊತ್ತಿನಲ್ಲಿ ವಾಕ್ಯ ತುಂಡಾಗತೊಡಗಿತು, ಎರಡು ಮಾತಿಗೊಮ್ಮೆ ಉಸಿರು. ಅವಳು ವೇಗ ಅಲ್ಲಿಂದ ಒಂಚೂರು ಇಳಿಸಿ, "ಇದೇ ನೋಡಿ ನಿಮ್ಮ ನಡಿಗೆ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು" ಅಂದಳು. ಗೋಡೆಯ ಮೇಲೆ 6ರಿಂದ 20ರ ತನಕ ಅಂಕಿ ಬರೆದ ಪಟ್ಟಿಯೊಂದು ಇತ್ತು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಅಳತೆ ಅದು. ಶ್ರಮ ಎಷ್ಟು ಅನ್ನಿಸುತ್ತಿದೆ ಅಂತ ರೋಗಿಯೇ ಹೇಳಬೇಕು. 6 ಅಂದರೆ ಏನೂ ಶ್ರಮವಿಲ್ಲ, 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗದು. 11ರಿಂದ 14ರೊಳಗೆ ಇರಿ ಅನ್ನುತ್ತಾರೆ. ಚಿಕ್ಕಪ್ಪ ಬೆರಳು ತೋರಿಸಿ 13 ಅಂದರು. ಆಮೇಲೆ ಅವಳು ತೋಳು ಮೇಲೆತ್ತಿ ವಾಚು ನೋಡಿ, "ಈ ಹೊತ್ತಿಗೆ ಇದು ಏನು ತೋರಿಸ್ತಿದೆಯೋ ಅದು ನಿಮ್ಮ ಅಂಕಿ. ಮನೆಯಲ್ಲಿ ಇಷ್ಟು ಕಂಡ್ರೆ ಭಯ ಬೇಡ" ಅಂದಳು.

ಆ ಮಾತು ಅವರನ್ನು ಬದಲಾಯಿಸಿತು. ವಾಚು ಅದೇ, ನಾಡಿ ಅದೇ. ಅವರ ಮೈಗೆ ಹೊಂದುವ ಅಂಕಿ ಯಾವುದು ಅಂತ ಒಬ್ಬರು ಜೊತೆಯಲ್ಲಿ ನಿಂತು ತೋರಿಸಿದ್ದರು. ಅಲ್ಲಿಯವರೆಗೆ ಅವರ ಬಳಿ ಇದ್ದದ್ದು ಅರ್ಥವಿಲ್ಲದ ಅಂಕಿ. ಹೃದಯದ ಕಾಯಿಲೆಯಲ್ಲಿ ಅರ್ಥವಿಲ್ಲದ ಅಂಕಿ ಸುಮ್ಮನೆ ಇರುವುದಿಲ್ಲ, ಭಯವಾಗುತ್ತದೆ.

ಯಂತ್ರಕ್ಕೆ ಕಾಣದ್ದು

ಇದು ಹೇಗೆ ಅಳೆಯುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಂಡರೆ ಎಲ್ಲಿ ನಂಬಬೇಕು, ಎಲ್ಲಿ ಬೇಡ ಅನ್ನುವುದು ಗೊತ್ತಾಗುತ್ತದೆ. ವಾಚಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗ ರಕ್ತ ನುಗ್ಗಿ ಬಂದು ಬೆಳಕು ಜಾಸ್ತಿ ಹೀರಿಹೋಗುತ್ತದೆ, ಎರಡು ಬಡಿತದ ನಡುವೆ ಕಡಿಮೆ. ವಾಪಸ್ ಬರುವ ಬೆಳಕಿನ ಈ ಏರಿಳಿತವೇ ನಾಡಿ. ಕೂತಾಗ ಚೆನ್ನಾಗಿ ಅಳೆಯುತ್ತದೆ. ಕೈ ಬೀಸಿದರೆ, ಪಟ್ಟಿ ಸಡಿಲವಾದರೆ, ಬೆರಳು ತಣ್ಣಗಾಗಿ ಚರ್ಮಕ್ಕೆ ರಕ್ತ ಕಡಿಮೆ ಬಂದರೆ ತಪ್ಪುತ್ತದೆ. ಕೆಲವೊಮ್ಮೆ ನಾಡಿಯ ಬದಲು ಹೆಜ್ಜೆಯ ತಾಳವನ್ನೇ ಹಿಡಿದುಕೊಂಡು ಅದನ್ನೇ ನಾಡಿ ಅಂತ ತೋರಿಸುವುದೂ ಉಂಟು. ಹಚ್ಚೆಯ ಬಣ್ಣವೂ ಅಡ್ಡ ಬರುತ್ತದೆ. ಇನ್ನು ಹೃದಯವೇ ತಾಳ ತಪ್ಪಿ ಬಡಿಯುತ್ತಿದ್ದರೆ ಕೆಲವು ಬಡಿತಗಳು ಮಣಿಕಟ್ಟಿನ ತನಕ ಮುಟ್ಟುವುದೇ ಇಲ್ಲ, ವಾಚು ಅಷ್ಟು ಕಡಿಮೆ ಎಣಿಸುತ್ತದೆ.

ಹೆಜ್ಜೆಯದು ಇನ್ನೊಂದು ಬಗೆ. ಅಲ್ಲಿ ಅಳೆಯುವುದು ಕೈಯ ಅಲುಗಾಟವನ್ನು. ಗಟ್ಟಿಯಾಗಿ ಹೆಜ್ಜೆ ಹಾಕುವವರಿಗೆ ಸರಿಯಾಗಿಯೇ ಎಣಿಸುತ್ತದೆ. ನಿಧಾನವಾಗಿ, ಕಾಲೆಳೆದು ನಡೆಯುವವರ ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ವಾಕರ್ ಹಿಡಿದು ನಡೆಯುವವರ ಕೈ ಬೀಸುವುದೇ ಇಲ್ಲವಲ್ಲ, ಅವರು ಮನೆಯೆಲ್ಲ ಸುತ್ತಿದರೂ ವಾಚಿಗೆ ಅವರು ಕೂತಿದ್ದಾರೆ. ಯಾರಿಗೆ ಪ್ರತಿ ಹೆಜ್ಜೆಯೂ ಬೆಲೆಯದ್ದೋ ಅವರ ಹೆಜ್ಜೆಯೇ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಅನ್ಯಾಯ ಅನ್ನಿಸುತ್ತದೆ ನನಗೆ. ಅಂಥವರಿಗೆ ಕೈಗಿಂತ ಕಾಲಿನ ಗಂಟಿನ ಹತ್ತಿರ ಕಟ್ಟುವ ಸಾಧನ ವಾಸಿ. ಸಮಾಧಾನ ಏನೆಂದರೆ, ನೋಡಬೇಕಾದದ್ದು ಏರಿಳಿತವಾದರೆ ಒಟ್ಟು ಅಂಕಿ ಕೊಂಚ ತಪ್ಪಿದರೂ ನಡೆಯುತ್ತದೆ. ಒಬ್ಬರದೇ ವಾಚು, ಅದೇ ಕೈ, ಅದೇ ನಡಿಗೆಯಾದರೆ ದಿನಾ ಒಂದೇ ಬಗೆಯಲ್ಲಿ ತಪ್ಪುತ್ತದೆ. ಹೋದ ತಿಂಗಳಿಗೂ ಈ ತಿಂಗಳಿಗೂ ಇರುವ ವ್ಯತ್ಯಾಸ ಆಗಲೂ ಕಾಣುತ್ತದೆ. ಇಬ್ಬರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಮಾತ್ರ ಅರ್ಥವಿಲ್ಲ.

ಪೇಸ್‌ಮೇಕರ್ ಇರುವವರಿಗೆ ಒಂದು ಮಾತು. ಹಲವು ಪೇಸ್‌ಮೇಕರ್‌ಗಳ ಒಳಗೇ ಓಡಾಟ ಗುರುತಿಸುವ ಸೆನ್ಸರ್ ಇರುತ್ತದೆ. ಎದ್ದು ನಡೆದರೆ ಅದು ಮೈಯ ಅಲುಗಾಟ ನೋಡಿ ಬಡಿತವನ್ನು ತಾನೇ ಏರಿಸುತ್ತದೆ. ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಎದೆಯ ಭಾಗ ಅಷ್ಟಾಗಿ ಅಲ್ಲಾಡುವುದಿಲ್ಲ, ಹಾಗಾಗಿ ಬಡಿತ ಬೇಕಾದಷ್ಟು ಏರದೆ ಬೇಗ ಸುಸ್ತಾಗಬಹುದು. ಇನ್ನು ಫೋನು, ವಾಚು, ಅವುಗಳ ಚಾರ್ಜರಿನಲ್ಲಿರುವ ಅಯಸ್ಕಾಂತವನ್ನು ಎದೆಯಿಂದ ಸುಮಾರು 15 ಸೆಂಟಿಮೀಟರ್ ದೂರ ಇಡಬೇಕು. ಫೋನ್ ಅಂಗಿಯ ಎದೆ ಜೇಬಿನಲ್ಲಿ ಬೇಡ. ವಾಚು ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟು ಮಲಗುವ ಅಭ್ಯಾಸವೂ ಬೇಡ.

ರಾತ್ರಿ ಬರುವ ನೋಟಿಫಿಕೇಶನ್

ನಾಡಿ ತಾಳ ತಪ್ಪುತ್ತಿದೆ ಅಂತ ವಾಚು ಎಚ್ಚರಿಸುವುದು ಈಗ ಮಾಮೂಲಾಗಿದೆ. ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ನಡುಗುತ್ತಿರುತ್ತವೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಎಷ್ಟೋ ಜನಕ್ಕೆ ಅದು ಇರುವುದೇ ತಿಳಿದಿರುವುದಿಲ್ಲ. ಹಾಗಾಗಿ ವಾಚು ಹಿಡಿದುಕೊಟ್ಟರೆ ಅದು ದೊಡ್ಡ ಉಪಕಾರವೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿ 2019ರಲ್ಲಿ ಪ್ರಕಟಿಸಿದ ಆಪಲ್ ಹಾರ್ಟ್ ಅಧ್ಯಯನದಲ್ಲಿ 4,19,297 ಜನ ಸೇರಿದ್ದರು. ಎಚ್ಚರಿಕೆ ಬಂದದ್ದು 2,161 ಮಂದಿಗೆ. ಅವರಿಗೆ ಎದೆಗೆ ಅಂಟಿಸುವ ಇಸಿಜಿ ಪ್ಯಾಚ್ ಕಳಿಸಿದರು. ಲೆಕ್ಕಕ್ಕೆ ಸಿಗುವಂತೆ ಹಾಕಿಕೊಂಡು ವಾಪಸ್ ಕಳಿಸಿದ 450 ಜನರಲ್ಲಿ 34 ಶೇಕಡಾ ಮಂದಿಗೆ ಈ ತೊಂದರೆ ಕಂಡಿತು. ಉಳಿದವರಿಗೆ ವಾಚು ಸುಳ್ಳು ಹೇಳಿತ್ತು ಅಂತ ಅರ್ಥವಲ್ಲ. ಇದು ಬಂದು ಹೋಗಿ ಮಾಡುವ ತೊಂದರೆ, ಪ್ಯಾಚ್ ಹಾಕಿದ ದಿನಗಳಲ್ಲಿ ಬಂದಿರದೆ ಇರಬಹುದು.

ಆದರೆ ಈ ತೊಂದರೆ ಇದೆ ಅಂತ ಈಗಾಗಲೇ ಗೊತ್ತಿರುವವರ ವಿಷಯ ಬೇರೆ. 2024ರಲ್ಲಿ ಅಮೆರಿಕದಲ್ಲಿ ಇಂಥ 172 ರೋಗಿಗಳನ್ನು ಕೇಳಿ ನೋಡಿದರು. ವಾಚು ಬಳಸುವವರು ತಮ್ಮ ಲಕ್ಷಣಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದರು. ಎಚ್ಚರಿಕೆ ಬಂದಾಗ ಅವರಲ್ಲಿ ಐವರಲ್ಲೊಬ್ಬರಿಗೆ ತೀವ್ರ ಭಯವಾಗುತ್ತಿತ್ತು. ಭಯವಾದರೆ ಎದೆ ಡವಗುಟ್ಟುತ್ತದೆ. ಡವಗುಟ್ಟಿತೆಂದು ಮತ್ತೆ ವಾಚು ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಒಬ್ಬರೇ ಹಾಸಿಗೆಯಲ್ಲಿ ಕೂತು ಬೆರಳಿಟ್ಟು ಇಸಿಜಿ ತೆಗೆಯುತ್ತಿರುವವರನ್ನು ನಾನು ಬಲ್ಲೆ. ಅವರಿಗೆ ಇನ್ನೊಂದು ಇಸಿಜಿಯಿಂದ ಏನೂ ಸಿಗುವುದಿಲ್ಲ. ಬಡಿತ ಎಷ್ಟು ದಾಟಿದರೆ, ಎಷ್ಟು ಹೊತ್ತು ಹಾಗೇ ಇದ್ದರೆ, ಜೊತೆಗೆ ಏನಾದರೆ ಫೋನ್ ಮಾಡಬೇಕು ಅಂತ ಅವರ ಡಾಕ್ಟರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಅವರು ಮಲಗುತ್ತಿದ್ದರು.

ಮತ್ತೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ಕೈಯ ವಾಚಿನ ಇಸಿಜಿ ಹಾರ್ಟ್ ಅಟ್ಯಾಕನ್ನು ಹಿಡಿಯುವುದಿಲ್ಲ. ಅದು ನೋಡುವುದು ಒಂದೇ ಕೋನದಿಂದ, ಆಸ್ಪತ್ರೆಯದು ಹನ್ನೆರಡು ಕೋನದಿಂದ. ಎದೆ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಬಂದಾಗ ವಾಚು ಎಲ್ಲ ಸರಿಯಿದೆ ಅಂದರೂ ನಂಬಿ ಕೂರಬಾರದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೋಡುವವರು ಯಾರು

ಬ್ಯಾಂಡ್ ಕಟ್ಟಿಕೊಂಡರೆ ಜನ ಜಾಸ್ತಿ ನಡೆಯುತ್ತಾರೆ ಅನ್ನುವುದು ನಿಜ. 2022ರಲ್ಲಿ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ದಿನಕ್ಕೆ ಸರಾಸರಿ 1,800 ಹೆಜ್ಜೆ ಹೆಚ್ಚಾದದ್ದು ಕಂಡಿತು. ಕಡಿಮೆಯೇನಲ್ಲ. ಆದರೆ ಹೃದ್ರೋಗಿಯ ಮಟ್ಟಿಗೆ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ, ಆ ಲೆಕ್ಕವನ್ನು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅನ್ನುವುದು. ಡಾಕ್ಟರಿಗೆ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಮೂರು ತಿಂಗಳ ನಾಡಿ, ನಿದ್ದೆ, ಹೆಜ್ಜೆ, ಆಮ್ಲಜನಕ ಎಲ್ಲ ತೋರಿಸಲು ಹೋದರೆ ಯಾರೂ ನೋಡಲಾರರು. ಮನೆಯ ಮಕ್ಕಳು ನೋಡುತ್ತಾರೆ ಅಂದರೆ ಅದಕ್ಕೂ ಒಂದು ತೊಡಕಿದೆ. ದೂರದಲ್ಲಿರುವ ಮಗಳ ಫೋನಿಗೆ ಅಪ್ಪನ ಹೆಜ್ಜೆ ಹೋಗುತ್ತದೆ. ಸಂಜೆ ಫೋನ್ ಬರುತ್ತದೆ, "ಅಪ್ಪ, ಇವತ್ತು ಯಾಕೆ ನಡೆದಿಲ್ಲ?" ಹೇಗಿದ್ದೀಯಪ್ಪ ಅನ್ನುವ ಮಾತು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಪ್ರೀತಿಯಿಂದಲೇ ಕೇಳುವುದು. ಆದರೆ ಅಪ್ಪನಿಗೆ ಅದು ಲೆಕ್ಕ ಒಪ್ಪಿಸಿದಂತೆ. ಕೊನೆಗೆ ವಾಚು ಬಿಚ್ಚಿ ಮೇಜಿನ ಡ್ರಾಯರಿಗೆ ಹೋಗುತ್ತದೆ.

ನನಗೆ ತಿಳಿದಂತೆ ಚೆನ್ನಾಗಿ ನಡೆದ ಮನೆಗಳಲ್ಲಿ ಮೊದಲೇ ಒಂದು ಒಪ್ಪಂದ ಆಗಿರುತ್ತದೆ. ಮೊದಲ ಎರಡು ವಾರ ಗುರಿಯಿಲ್ಲ, ಹೇಳುವವರಿಲ್ಲ, ಸುಮ್ನೆ ಕಟ್ಟಿಕೊಂಡಿರುವುದು. ಅದರಿಂದ ಅವರ ಮಾಮೂಲಿ ಎಷ್ಟು ಅಂತ ತಿಳಿಯುತ್ತದೆ. ಆಮೇಲೆ ಒಂದು ದಿನ ಕಡಿಮೆಯಾದರೆ ಯಾರೂ ಕೇಳಬಾರದು. ಯಾರಿಗಾದರೂ ಒಂದು ದಿನ ಬೇಸರ ಬರುತ್ತದೆ, ಮಳೆ ಬರುತ್ತದೆ. ಒಂದು ವಾರದ ಸರಾಸರಿಯೇ ಇಳಿದರೆ ಆಗ ತೂಕ ನೋಡಬೇಕು, ಕಾಲು ನೋಡಬೇಕು, ದಿಂಬು ಕೇಳಬೇಕು. ಎಷ್ಟು ಇಳಿದರೆ ಫೋನ್ ಮಾಡಬೇಕು ಅಂತ ಡಾಕ್ಟರ ಹತ್ತಿರವೇ ಕೇಳಿಟ್ಟುಕೊಳ್ಳಬೇಕು. ಚೆಕಪ್‌ಗೆ ಹೋಗುವಾಗ ಒಂದೇ ಒಂದು ಗ್ರಾಫ್, ವಾರದ ಸರಾಸರಿಯದ್ದು. ಡಾಕ್ಟರು ಅರ್ಧ ನಿಮಿಷದಲ್ಲಿ ನೋಡಿಬಿಡಬಹುದು.

ಇನ್ನೊಂದು ಸಂಗತಿಯೂ ಇದೆ. ನಾಲ್ಕು ಲಕ್ಷ ಜನರ ಆ ಆಪಲ್ ಅಧ್ಯಯನದಲ್ಲಿ ಸೇರಿದವರ ಸರಾಸರಿ ವಯಸ್ಸು 41. 65 ದಾಟಿದವರು ನೂರಕ್ಕೆ ಆರು ಜನ. ಹೃದಯದ ಕಾಯಿಲೆ ಜಾಸ್ತಿ ಇರುವ ವಯಸ್ಸಿನಲ್ಲಿ ವಾಚು ಕಡಿಮೆ. ಬಡವರಲ್ಲಿ ಇನ್ನೂ ಕಡಿಮೆ. ಫೋನ್ ಬಳಸಲು ಬಾರದವರಿಗೆ, ಒಬ್ಬರೇ ಇರುವವರಿಗೆ ವಾಚು ಕೊಟ್ಟರೂ ಆ ಗ್ರಾಫ್ ತೆರೆದು ನೋಡುವವರಿಲ್ಲ. ಹೃದಯದ ಓಪಿಡಿಗಳಲ್ಲಿ ಬಿಪಿ ನೋಡುವಷ್ಟೇ ಸಹಜವಾಗಿ ಪ್ರತಿ ಸಲವೂ ಇದನ್ನು ಕೇಳಬೇಕು ಅಂತ ನನ್ನ ಆಸೆ, ಕೈಯಲ್ಲಿ ವಾಚು ಇರಲಿ ಇಲ್ಲದಿರಲಿ: "ಹೋದ ಸಲ ಬಂದಾಗ ಮಾಡ್ತಿದ್ದ ಯಾವ ಕೆಲಸವನ್ನ ಈಗ ಬಿಟ್ಟಿದ್ದೀರಿ?" ಸುಸ್ತಾಗುತ್ತಾ ಅಂತ ಕೇಳಿದರೆ ಇಲ್ಲ ಅನ್ನುವವರು ಈ ಪ್ರಶ್ನೆಗೆ ಕೊಂಚ ಯೋಚಿಸುತ್ತಾರೆ. ಜೊತೆಗೆ ಬಂದವರೂ ಯೋಚಿಸುತ್ತಾರೆ. ಹೌದಲ್ಲ, ಮಹಡಿಗೆ ಹೋಗಿ ತಿಂಗಳಾಯ್ತು ಅಂತ ಅವರೇ ಹೇಳಿಬಿಡುತ್ತಾರೆ.